ಹಳೆಯ .315 ಕೊಳ್ಳಬೇಕೆ? ನಳಿಗೆ, ಕಾಗದ ಮತ್ತು ಅಗತ್ಯದ ಲೆಕ್ಕ

ಬಂದೂಕಿನ ಅಂಗಡಿಗಳಲ್ಲಿ ಜೋಡುನಳಿಗೆ ಕೋವಿಗಳ ಸಾಲಿನ ಕೊನೆಗೆ ಒಂದೋ ಎರಡೋ .315 ರೈಫಲ್‌ಗಳು ಈಗಲೂ ನಿಂತಿರುತ್ತವೆ. ಮೊದಲ ಸಲ ನೋಡುವವರಿಗೂ ಅವು ಅಪರಿಚಿತ ಅನ್ನಿಸುವುದಿಲ್ಲ. ಖಜಾನೆಯ ಮುಂದೆ, ಜಾತ್ರೆಯ ಬಂದೋಬಸ್ತಿನಲ್ಲಿ, ಠಾಣೆಯ ಪಹರೆಯಲ್ಲಿ ನಿಂತ ಕಾನ್‌ಸ್ಟೇಬಲ್‌ಗಳ ಹೆಗಲ ಮೇಲೆ ದಶಕಗಳ ಕಾಲ ಕಂಡ ‘ತ್ರೀ ನಾಟ್ ತ್ರೀ’ಯ ಚಹರೆ ಅವುಗಳಲ್ಲಿದೆ. ಬೋಲ್ಟು ಅದೇ, ಅದನ್ನು ಎತ್ತಿ ಎಳೆದು ದೂಡುವ ಕ್ರಮವೂ ಅದೇ. ನಳಿಗೆಯ ತುದಿಯವರೆಗೆ ಹೊದಿಸಿದ್ದ ಮರವನ್ನು ಅರ್ಧಕ್ಕೆ ನಿಲ್ಲಿಸಿ, ಹತ್ತು ತೋಟೆಯ ಮ್ಯಾಗಜೀನನ್ನು ಐದಕ್ಕೆ ಇಳಿಸಿ, ಬೋರ್ ಬದಲಿಸಿ ನಾಗರಿಕರಿಗೆಂದು ನಮ್ಮ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳು ಮಾಡಿಕೊಂಡು ಬಂದ ರೈಫಲ್ ಇದು. ಸೇನೆಯ ಆಯುಧದ ಮಾರುಕಟ್ಟೆ ಪ್ರತಿ ಎನ್ನಬಹುದು.

ಇಂಥದ್ದೊಂದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳಬೇಕೆ ಎಂದು ಯೋಚಿಸುವವರು ಕೇಳುವ ಮೊದಲ ಪ್ರಶ್ನೆ ಬೆಲೆಯದು, ಎರಡನೆಯದು ಗುರಿಯದು. ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಈ ಜಾತಿಯ ರೈಫಲ್‌ಗಳ ಹುಟ್ಟು, ಬಾಳು, ಸಾವು ಮೂರನ್ನೂ ತೀರ್ಮಾನಿಸಿದ್ದು ಕಾನೂನು. ಆದ್ದರಿಂದ ನಳಿಗೆಯೊಳಗೆ ಎಷ್ಟು ಶ್ರದ್ಧೆಯಿಂದ ಇಣುಕಿ ನೋಡುತ್ತೇವೋ ಅಷ್ಟೇ ಶ್ರದ್ಧೆಯಿಂದ ಕಾಗದಪತ್ರಗಳನ್ನೂ ಓದಬೇಕು. ಇವೆರಡಕ್ಕಿಂತ ಮೊದಲು, ನನಗೆ ಇದು ಯಾಕೆ ಬೇಕು ಎಂದು ಕೇಳಿಕೊಳ್ಳಬೇಕು. ಬೇಡದ ಮನೆಗೆ ಹೋದ ರೈಫಲ್‌ಗಳು ಬಹಳ ಇವೆ.

ಇತಿಹಾಸದಿಂದ ಶುರು ಮಾಡುವುದು ಒಳ್ಳೆಯದು, ಏಕೆಂದರೆ .315 ಎಂಬ ಬೋರ್ ಯಾಕಿದೆ ಎಂದು ತಿಳಿಯದೆ ಅದರ ಗುಣದೋಷ ತಿಳಿಯುವುದಿಲ್ಲ. ಜೇಮ್ಸ್ ಪ್ಯಾರಿಸ್ ಲೀ ರೂಪಿಸಿದ ಬೋಲ್ಟಿಗೆ ಎನ್‌ಫೀಲ್ಡ್ ಕಾರ್ಖಾನೆಯ ನಳಿಗೆ ಸೇರಿ ಆದ ಲೀ-ಎನ್‌ಫೀಲ್ಡ್ ರೈಫಲ್ 1895ರಲ್ಲಿ ಬ್ರಿಟಿಷ್ ಸೇನೆಗೆ ಬಂತು. ಅದರ 1907ರ ಮಾದರಿ ಮೊದಲ ಮಹಾಯುದ್ಧದ ಕಂದಕಗಳಲ್ಲಿ ಹೆಸರು ಮಾಡಿತು. ಕೋಲ್ಕತ್ತದ ಉತ್ತರಕ್ಕೆ ಹೂಗ್ಲಿ ನದಿಯ ದಂಡೆಯಲ್ಲಿರುವ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ ಅದೇ ಮಾದರಿ ದಶಕಗಳ ಕಾಲ ತಯಾರಾಯಿತು. 1962ರ ಚೀನಾ ಯುದ್ಧದ ನಂತರ ಇಶಾಪುರದವರು ಅದೇ ವಿನ್ಯಾಸವನ್ನು ಹೆಚ್ಚು ಗಟ್ಟಿ ಉಕ್ಕಿನಲ್ಲಿ 7.62 ಮಿ.ಮೀ. ಬೋರಿಗೆ ಹೊಂದಿಸಿ 2ಎ, 2ಎ1 ಎಂಬ ರೈಫಲ್‌ಗಳನ್ನೂ ಮಾಡಿದರು. ಅಂದರೆ 19ನೇ ಶತಮಾನದ ಕೊನೆಯಲ್ಲಿ ಹುಟ್ಟಿದ ಒಂದು ಯಂತ್ರ ನಮ್ಮಲ್ಲಿ ಎಂದೂ ಪೂರ್ತಿ ನಿವೃತ್ತವಾಗಲೇ ಇಲ್ಲ.

ಸೇನೆಯ .303 ತೋಟೆ ಮಾತ್ರ ನಾಗರಿಕರಿಗೆ ಸಿಗುವಂತಿರಲಿಲ್ಲ, ಇಂದಿಗೂ ಸಿಗುವುದಿಲ್ಲ. ಕದ್ದ ಅಥವಾ ದೋಚಿದ ಸರ್ಕಾರಿ ತೋಟೆ ಖಾಸಗಿ ಕೋವಿಯಲ್ಲಿ ಹಾರಬಾರದು ಎಂಬುದು ಬ್ರಿಟಿಷರ ಲೆಕ್ಕ. ಇದೇ ಭಯದಿಂದ 20ನೇ ಶತಮಾನದ ಆರಂಭದಲ್ಲಿ ಭಾರತಕ್ಕೆ .450 ಬೋರಿನ ತೋಟೆಗಳ ಆಮದನ್ನು ತಡೆದಾಗ, ಇಂಗ್ಲೆಂಡಿನ ಕೋವಿ ಕಂಪನಿಗಳು .465, .470, .475 ಎಂದು ಪಕ್ಕದ ಬೋರುಗಳನ್ನು ಹುಟ್ಟಿಸಿಕೊಂಡವು. ಆನೆ, ಕಾಟಿಗಳ ಬೇಟೆಗೆಂದು ಮುಂದೆ ಜಗತ್ಪ್ರಸಿದ್ಧವಾದ ಆ ಬೋರುಗಳ ಹಿಂದೆ ಇದ್ದದ್ದು ಒಂದು ನಿಷೇಧ.

.315ರದ್ದೂ ಅದೇ ಕಥೆ. ಲೀ ಬೋಲ್ಟಿನ ರೈಫಲನ್ನು ಭಾರತದಲ್ಲಿ ಮಾರಬೇಕು, .303 ಕೂಡದು. ಆಗ ಕೈಗೆ ಸಿಕ್ಕದ್ದು ಆಸ್ಟ್ರಿಯಾ-ಹಂಗೇರಿ ಸೇನೆಯ ಮ್ಯಾನ್ಲಿಶರ್ ರೈಫಲ್‌ಗಳ 8 ಮಿ.ಮೀ. ತೋಟೆ. ಅದು ಸೇನೆಯದೇ ತೋಟೆ, ಆದರೆ ಇಲ್ಲಿಯ ಸೇನೆಯದಲ್ಲ. ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಮುಂತಾದ ಕಂಪನಿಗಳು ಭಾರತಕ್ಕೆಂದೇ ಈ ಬೋರಿನಲ್ಲಿ ಬೇಟೆಯ ರೈಫಲ್ ಮಾಡಿದವು. ಸ್ವಾತಂತ್ರ್ಯಾನಂತರ ನಮ್ಮ ಕಾರ್ಖಾನೆಗಳು ಆ ಪರಂಪರೆಯನ್ನೇ ಮುಂದುವರಿಸಿದವು. 8 ಮಿ.ಮೀ.ಯನ್ನು ಇಂಚಿಗೆ ತಂದರೆ .315. ಆ ತೋಟೆಯನ್ನು ಹುಟ್ಟಿಸಿದ ಸಾಮ್ರಾಜ್ಯ 1918ರಲ್ಲೇ ಅಳಿಯಿತು. ತೋಟೆ ಭಾರತದಲ್ಲಿ ಉಳಿಯಿತು.

ಬೇಟೆಗಾರರ ಕೈಯ ಪ್ರಸಿದ್ಧ ರೈಫಲ್‌ಗಳಲ್ಲಿ ಹಲವಕ್ಕೆ ಹೀಗೆ ಸೇನೆಯ ನಂಟಿತ್ತು. ಚಂಪಾವತ್‌ನ ನರಭಕ್ಷಕಿಯನ್ನು ಕೊಂದದ್ದಕ್ಕಾಗಿ 1907ರಲ್ಲಿ ಜಿಮ್ ಕಾರ್ಬೆಟ್ಟರಿಗೆ ಉಡುಗೊರೆಯಾಗಿ ಬಂದ .275 ರಿಗ್ಬಿ ರೈಫಲ್‌ನ ಬೋಲ್ಟು ಜರ್ಮನಿಯ ಮೌಸರ್, ತೋಟೆ ಬೋಯರ್ ಯುದ್ಧದಲ್ಲಿ ಬ್ರಿಟಿಷರ ಮೇಲೆಯೇ ಹಾರಿದ 7 ಮಿ.ಮೀ. ಮೌಸರ್ ತೋಟೆ. ಸಾಹಿತಿ ತೇಜಸ್ವಿಯವರ ಅನುವಾದಗಳ ಮೂಲಕ ಕನ್ನಡಿಗರ ಮನೆಮಾತಾದ ಬೆಂಗಳೂರಿನ ಕೆನೆತ್ ಆ್ಯಂಡರ್ಸನ್ ಬಳಸುತ್ತಿದ್ದದ್ದು .405 ಬೋರಿನ ವಿಂಚೆಸ್ಟರ್ 1895. ಅದೇ ಮಾದರಿಯನ್ನು ಮೊದಲ ಮಹಾಯುದ್ಧದಲ್ಲಿ ರಷ್ಯಾದ ಸೇನೆ ಲಕ್ಷಗಟ್ಟಲೆ ಕೊಂಡಿತ್ತು. ಸೇನೆಗೆಂದು ವಿನ್ಯಾಸಗೊಂಡ ಯಂತ್ರ ಕೆಸರು, ಮಳೆ, ಅನಾದರಗಳನ್ನು ತಡೆದುಕೊಳ್ಳುತ್ತದೆ. ನಾಗರಿಕ ಪ್ರತಿಗೆ ಇರುವ ಬೇಡಿಕೆಯ ಮೂಲ ಕಾರಣ ಅದು, ನ್ಯಾಯವಾದ ಕಾರಣ ಕೂಡ.

ಸೇನೆಯ ಆಯುಧದ ನಾಗರಿಕ ಪ್ರತಿ ಎಷ್ಟು ನಂಬಲರ್ಹ ಎಂಬ ಪ್ರಶ್ನೆಯನ್ನು ಅತ್ಯಂತ ಸೂಕ್ಷ್ಮವಾಗಿ ಚರ್ಚಿಸಿರುವವರು ಅಮೆರಿಕದವರು. ಅಲ್ಲಿನ ಉದಾಹರಣೆ ಎಂ1ಎ. 1957ರಲ್ಲಿ ಅಮೆರಿಕದ ಸೇನೆ ಸ್ವೀಕರಿಸಿದ ಎಂ14 ರೈಫಲ್ ಸುಮಾರು 13.8 ಲಕ್ಷದಷ್ಟು ತಯಾರಾಗಿ 1964ಕ್ಕೆ ನಿಂತಿತು. ಒತ್ತಿ ಹಿಡಿದರೆ ಸತತ ಗುಂಡು ಹಾರಿಸಬಲ್ಲ ಆಯುಧವಾದ್ದರಿಂದ ಅಲ್ಲಿನ ಕಾನೂನಿನಲ್ಲಿ ಅದು ಮಷಿನ್‌ಗನ್. ಒಮ್ಮೆ ಹಾಗೆ ಮಾಡಿದ ರಿಸೀವರ್, ಅಂದರೆ ಬೋಲ್ಟು ಓಡಾಡುವ ಉಕ್ಕಿನ ಗೂಡು, ಏನೇ ತಿದ್ದಿದರೂ ಮಷಿನ್‌ಗನ್ನೇ. ಹಾಗಾಗಿ ಅದಕ್ಕೆ ಹಿಂದಿನ ಸೇನಾ ರೈಫಲ್ ಗರಾಂಡ್ ಮಾರಾಟವಾದ ಹಾಗೆ ಎಂ14 ನಾಗರಿಕರಿಗೆ ಮಾರಾಟವಾಗಲಿಲ್ಲ. ಆ ಜಾಗ ತುಂಬಲು, ಸತತ ಗುಂಡು ಹಾರಿಸಲು ಬಾರದ ಹೊಸ ರಿಸೀವರ್ ಮಾಡಿ, ಸೇನೆಯ ಉಳಿಕೆ ಬಿಡಿಭಾಗ ಜೋಡಿಸಿ ಎಂ1ಎ ಹುಟ್ಟಿತು. ಅದನ್ನು ಮಾಡುವ ಇಲಿನಾಯ್ ರಾಜ್ಯದ ಕಂಪನಿಯ ಹೆಸರು ಸ್ಪ್ರಿಂಗ್‌ಫೀಲ್ಡ್ ಆರ್ಮರಿ. ಅದೇ ಹೆಸರಿನ ಮ್ಯಾಸಚೂಸೆಟ್ಸಿನ ಸರ್ಕಾರಿ ಶಸ್ತ್ರಾಗಾರ 1968ರಲ್ಲೇ ಮುಚ್ಚಿತ್ತು. ಎರಡಕ್ಕೂ ಹೆಸರೊಂದೇ ಸಂಬಂಧ.

ಅಲ್ಲಿನ ಕೊಳ್ಳುಗರು ಕಲಿತ ಪಾಠ ನಮಗೂ ಉಪಯೋಗ. ಸೇನೆಯ ರಿಸೀವರ್ ಬಡಿದು ರೂಪಿಸಿದ ಉಕ್ಕಿನದು, ಎಂ1ಎಯದು ಎರಕ ಹೊಯ್ದದ್ದು. ಮೊದಲ ವರ್ಷಗಳ ರೈಫಲ್‌ಗಳಲ್ಲಿ ಬೋಲ್ಟು, ನಳಿಗೆ ಮುಂತಾದವು ಸೇನೆಯ ಅಸಲಿ ಭಾಗಗಳು. ದಾಸ್ತಾನು ಮುಗಿದಂತೆ ಕಂಪನಿಯೇ ಮಾಡಿದ ಭಾಗಗಳು ಬಂದವು. ಹಾಗಾಗಿ ಹಳೆಯ ಎಂ1ಎಗೆ ಹೊಸದಕ್ಕಿಂತ ಹೆಚ್ಚು ಮರ್ಯಾದೆ. ಚೀನಾದ ನೊರಿಂಕೊ, ಪಾಲಿಟೆಕ್ ಪ್ರತಿಗಳಲ್ಲಿ ರಿಸೀವರ್ ಚೆನ್ನಾಗಿದ್ದು ಬೋಲ್ಟು ಮೆದುವೆಂಬ ದೂರು ಇತ್ತು. ಹೆಸರು, ಆಕಾರ ಒಂದೇ ಇದ್ದರೂ ಪ್ರತಿ ಎನ್ನುವುದು ಅದನ್ನು ಮಾಡಿದವನಷ್ಟೇ ಒಳ್ಳೆಯದು. ಕೊಳ್ಳುವವನು ಭಾಗ ಭಾಗವನ್ನೂ ಬಿಚ್ಚಿ ನೋಡಬೇಕು.

ಕೆನಡಾ ಕಲಿಸಿದ್ದು ಇನ್ನೂ ಕಠಿಣವಾದ ಪಾಠ. ಅಮೆರಿಕ 1994ರಲ್ಲಿ ಚೀನಾದ ಕೋವಿಗಳ ಆಮದು ನಿಲ್ಲಿಸಿದ ಮೇಲೂ ಈ ಅಗ್ಗದ ಪ್ರತಿಗಳು ಕೆನಡಾದಲ್ಲಿ ಧಾರಾಳವಾಗಿ ಮಾರಾಟವಾದವು. 2020ರ ಮೇ 1ರಂದು ಅಲ್ಲಿನ ಸರ್ಕಾರ ಹೊರಡಿಸಿದ ಆದೇಶದಲ್ಲಿ ಎಂ14 ಮಾದರಿಯ ರೈಫಲ್‌ಗಳೂ ನಿಷಿದ್ಧ ಪಟ್ಟಿಗೆ ಸೇರಿದವು. ಹಿಂದಿನ ದಿನದವರೆಗೆ ಕಾನೂನುಬದ್ಧ ಆಸ್ತಿಯಾಗಿದ್ದದ್ದು ಮರುದಿನ ಮಾರಲಾರದ, ಬಳಸಲಾರದ ಹೊರೆಯಾಯಿತು. ಸೇನೆಯ ಆಯುಧವನ್ನು ಹೋಲುವ ಯಾವ ನಾಗರಿಕ ರೈಫಲಿಗೂ ಈ ಅಪಾಯ ತಪ್ಪಿದ್ದಲ್ಲ.

ಈಗ ನಮ್ಮಲ್ಲಿಗೆ ಬರೋಣ. ಭಾರತದಲ್ಲಿ ಹಳೆಯ .315 ಮಾರುಕಟ್ಟೆಗೆ ಬರುವ ದಾರಿಗಳು ಮುಖ್ಯವಾಗಿ ಎರಡು. ಒಂದು, ಹಿರಿಯರು ತೀರಿಕೊಂಡು ಮಕ್ಕಳಿಗೆ ಬೇಡವಾಗುವುದು. ಇನ್ನೊಂದು 2019ರ ಶಸ್ತ್ರಾಸ್ತ್ರ ಕಾಯ್ದೆಯ ತಿದ್ದುಪಡಿ. ಅಲ್ಲಿಯವರೆಗೆ ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು, ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಬೇಕಾಯಿತು. ಜೋಡುನಳಿಗೆ ಕೋವಿ, ರಿವಾಲ್ವರ್, ರೈಫಲ್ ಮೂರೂ ಇದ್ದವರಲ್ಲಿ ರೈಫಲನ್ನೇ ಬಿಟ್ಟುಕೊಟ್ಟವರಿದ್ದಾರೆ. ಖಾಸಗಿ ಆಮದು 1980ರ ದಶಕದ ಮಧ್ಯದಿಂದ ನಿಂತುಹೋಗಿರುವುದರಿಂದ ವಿದೇಶಿ ರೈಫಲ್‌ಗಳ ಬೆಲೆ ಆಕಾಶದಲ್ಲಿದೆ. ಆರ್ಡ್‌ನೆನ್ಸ್ ಕಾರ್ಖಾನೆಯ ಹಳೆಯ .315 ಸಾಮಾನ್ಯರ ಕೈಗೆಟಕುವ ರೈಫಲ್ ಆಗಿ ಉಳಿದಿರುವುದು ಹೀಗೆ.

ಕಾಗದದ ಪರೀಕ್ಷೆ ಮೊದಲು. ಲೈಸೆನ್ಸ್ ಇಲ್ಲದೆ ಮಾತುಕತೆಯನ್ನೇ ಶುರು ಮಾಡಬಾರದು. ಮುಂಗಡ ಕೊಡುವ ಮಾತು ಇನ್ನೂ ದೂರ. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ, ಬೆಂಗಳೂರಿನಂಥ ನಗರಗಳಲ್ಲಿ ಪೊಲೀಸ್ ಕಮಿಷನರ್ ಲೈಸೆನ್ಸ್ ಕೊಡುವ ಅಧಿಕಾರಿ. ಅದರಲ್ಲಿ ಯಾವ ಬಗೆಯ ಕೋವಿ ಎಂದು ಬರೆದಿರುತ್ತದೆ. ಜೋಡುನಳಿಗೆಗೆ ಸಿಕ್ಕ ಲೈಸೆನ್ಸಿನಲ್ಲಿ ರೈಫಲ್ ಕೊಳ್ಳಲಾಗದು. ಕಾಯ್ದೆಯ 13ನೇ ಕಲಂ ರಕ್ಷಣೆಗೋ ಕ್ರೀಡೆಗೋ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನೂ, ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೂ ಒಂದು ತಕ್ಕಡಿಯಲ್ಲಿಟ್ಟು, ರೈಫಲನ್ನು ಬೇರೆಯೇ ತಕ್ಕಡಿಯಲ್ಲಿಡುತ್ತದೆ. ರೈಫಲಿಗೆ ಸಕಾರಣ ಇದೆಯೆಂದು ಅಧಿಕಾರಿಗೆ ಮನದಟ್ಟಾಗಬೇಕು.

ಅಂಗಡಿಯ ಮೂಲಕವಲ್ಲದೆ ಮಾಲೀಕರಿಂದ ನೇರವಾಗಿ ಕೊಳ್ಳುವುದಾದರೆ, ಮಾರುವವರು ತಮ್ಮ ಉದ್ದೇಶವನ್ನು ಜಿಲ್ಲಾಧಿಕಾರಿಗೋ ಹತ್ತಿರದ ಠಾಣಾಧಿಕಾರಿಗೋ ಬರಹದಲ್ಲಿ ತಿಳಿಸಿ 45 ದಿನ ಕಳೆದಿರಬೇಕು. ‘ಗುರುತಿನವರು, ಆಮೇಲೆ ಬರೆಸಿದರಾಯಿತು’ ಎಂಬ ಮಾತಿಗೆ ಕಿವಿಗೊಡಬೇಡಿ. ಮಾಲೀಕರು ತೀರಿಕೊಂಡಿದ್ದರೆ, ಮಾರುತ್ತಿರುವವರ ಹೆಸರಿಗೆ ಅದು ಕಾನೂನಿನಂತೆ ಬಂದಿದೆಯೇ, ಉಳಿದ ವಾರಸುದಾರರ ಒಪ್ಪಿಗೆ ಇದೆಯೇ ಎಂದು ನೋಡಬೇಕು. ಅಣ್ಣತಮ್ಮಂದಿರ ಜಗಳ ಇರುವ ಮನೆಯ ಕೋವಿ ಎಷ್ಟು ಚೆನ್ನಾಗಿದ್ದರೂ ಬೇಡ.

ಆಮೇಲೆ ನಂಬರು. ರಿಸೀವರಿನ ಮೇಲೆ ಕೊರೆದ ನಂಬರನ್ನು ಮಾರುವವರ ಲೈಸೆನ್ಸಿನ ನಂಬರಿನ ಜೊತೆ ಒಂದೊಂದು ಅಂಕಿಯಾಗಿ ಹೋಲಿಸಿ. ನಂಬರು ಅಳಿಸಿದ, ಉಜ್ಜಿದ, ಮತ್ತೆ ಕೊರೆದ ಕುರುಹು ಕಂಡರೆ ಅಲ್ಲಿಂದಲೇ ವಾಪಸ್ಸಾಗಿ. ಗುರುತು ಅಳಿಸಿದ ಕೋವಿ ಯಾರ ಬಳಿ ಸಿಗುತ್ತದೋ ಅವರೇ ಅಳಿಸಿದರೆಂದು ಕಾಯ್ದೆಯ 8ನೇ ಕಲಂ ಭಾವಿಸುತ್ತದೆ. ಅಲ್ಲವೆಂದು ರುಜುವಾತು ಮಾಡುವ ಹೊಣೆ ನಿಮ್ಮದು. .315 ಬೋರಿನ ಹೆಸರಿನಲ್ಲಿ ಉತ್ತರ ಭಾರತದಲ್ಲಿ ನಾಡಕೋವಿಗಳ ದೊಡ್ಡ ಕಳ್ಳದಂಧೆಯೇ ಇದೆ. ಕಾರ್ಖಾನೆಯ ಮುದ್ರೆ, ನಂಬರು, ಪರೀಕ್ಷೆಯ ಗುರುತುಗಳನ್ನು ಅನುಮಾನದಿಂದಲೇ ನೋಡಬೇಕಾದದ್ದು ಆ ಕಾರಣಕ್ಕೆ.

ಕಾಗದ ಸರಿಯಿದ್ದರೆ ಕೋವಿಯನ್ನು ಕೈಗೆ ತೆಗೆದುಕೊಳ್ಳಿ. ತೋಟೆ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಂಡು, ಬೋಲ್ಟನ್ನು ಪೂರ್ತಿ ಹೊರಗೆ ತೆಗೆಯಲು ಅಂಗಡಿಯವರನ್ನು ಕೇಳಿ. ಈಗ ನಳಿಗೆಯನ್ನು ಹಿಂಬದಿಯಿಂದ ಬೆಳಕಿನತ್ತ ಹಿಡಿದು ನೋಡಬಹುದು. ಅದಕ್ಕೂ ಮೊದಲು ಒಳಗಿನ ಎಣ್ಣೆಯನ್ನು ಒರೆಸಿಸಿ. ದಪ್ಪಗೆ ಎಣ್ಣೆ ಬಳಿದ ನಳಿಗೆ ಯಾವತ್ತೂ ಹೊಳೆಯುತ್ತದೆ. ಒಣ ಬಟ್ಟೆಯ ತುಂಡನ್ನು ಎರಡು ಸಲ ದಾಟಿಸಿದ ಮೇಲೆ ಅಸಲಿ ರೂಪ ಕಾಣುತ್ತದೆ. ಸುರುಳಿ ಗೀರುಗಳ ಅಂಚು ಚೂಪಾಗಿ, ಆರಂಭದಿಂದ ತುದಿಯವರೆಗೆ ಒಂದೇ ಸಮನೆ ಸುತ್ತಿಕೊಂಡು ಹೋಗಬೇಕು. ಗೀರುಗಳ ತಳದಲ್ಲಿ ಕಪ್ಪು ಚುಕ್ಕೆಗಳು ಸಾಲುಗಟ್ಟಿದ್ದರೆ ಅದು ತುಕ್ಕು ಕೊರೆದ ಗುಳಿ. ಎಲ್ಲಾದರೂ ಒಂದು ಕಡೆ ಉಂಗುರದಂಥ ನೆರಳು ಕಂಡರೆ ಆ ಜಾಗದಲ್ಲಿ ನಳಿಗೆ ಉಬ್ಬಿದೆ ಎಂದರ್ಥ. ಕೆಸರೋ ನೀರೋ ಬಟ್ಟೆಯೋ ಸಿಕ್ಕಿಕೊಂಡಿದ್ದಾಗ ಯಾರೋ ಗುಂಡು ಹಾರಿಸಿದ್ದಾರೆ. ಆ ರೈಫಲ್ ಪುಕ್ಕಟೆ ಕೊಟ್ಟರೂ ಬೇಡ.

ತುಕ್ಕಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕಡೆ ರೈಫಲ್‌ಗಳನ್ನು ಕೊಂದದ್ದು ಬಳಕೆಯಲ್ಲ, ಬಳಸಿದ ನಂತರದ ಅಜಾಗ್ರತೆ. ಹಳೆಯ ತೋಟೆಗಳ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಗುಂಡು ಹಾರಿದಾಗ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯೊಳಗೆ ಸಣ್ಣ ಪದರವಾಗಿ ಕೂರುತ್ತದೆ. ಅದು ಅಡುಗೆಯ ಉಪ್ಪಿನ ಹತ್ತಿರದ ಸಂಬಂಧಿ. ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಎಣ್ಣೆಯಲ್ಲಿ, ಸೀಮೆಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಾಕಬೇಕು. ಇದನ್ನು ತಿಳಿಯದೆ ಬರೀ ಎಣ್ಣೆ ಬಟ್ಟೆ ಎಳೆದು ಚರ್ಮದ ಚೀಲಕ್ಕೆ ಸೇರಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ತೂಗುಹಾಕಿದ ರೈಫಲ್‌ಗಳು ಮಡಿಕೇರಿ, ಸಕಲೇಶಪುರ, ತೀರ್ಥಹಳ್ಳಿಗಳ ಮಳೆಯಲ್ಲಿ ಹೇಗಾಗಿರಬೇಡ. ಚರ್ಮದ ಚೀಲ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಳಸದ ರೈಫಲ್ ಎಂದು ಹೇಳಿ ಮಾರುವವರಿಗೆ ಇದೇ ಉತ್ತರ: ಬಳಸದೇ ಇದ್ದದ್ದು ಹೊಗಳಿಕೆಯಲ್ಲ, ಎಲ್ಲಿಟ್ಟಿದ್ದರು ಎಂಬುದು ಮುಖ್ಯ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ, ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತು ಬಂದ ಕೋವಿಗಳನ್ನೂ ಹೀಗೆಯೇ ಪರೀಕ್ಷಿಸಬೇಕು.

ಮರದ ಕೆಳಗೆ ಅಡಗಿದ ತುಕ್ಕು ಇನ್ನೂ ಅಪಾಯಕಾರಿ. ಮುಂಭಾಗದ ಮರವನ್ನು ಬಿಚ್ಚಿ ನೋಡಲು ಬಿಡದ ಮಾರಾಟಗಾರರಿಂದ ಕೊಳ್ಳಬೇಡಿ. ಮೇಲೆ ನೀಲಿಗಪ್ಪು ಹೊಳಪು, ಮರದ ಗೆರೆಯಿಂದ ಕೆಳಗೆ ಕೆಂಪು ಹೊಪ್ಪಳೆ ಇರುವ ನಳಿಗೆಗಳು ಅಪರೂಪವಲ್ಲ. ನಳಿಗೆಯ ಬಾಯಿಯನ್ನೂ ನೋಡಬೇಕು. ಹುರಿಗೆ ಬಟ್ಟೆ ಕಟ್ಟಿ ಎಳೆದು ಶುಚಿ ಮಾಡುವ ಪದ್ಧತಿ ಸೇನೆಯಿಂದ ಬಂದದ್ದು. ಓರೆಯಾಗಿ ಎಳೆದೂ ಎಳೆದೂ ಬಾಯಿಯ ಒಂದು ಪಕ್ಕ ಸವೆದಿರುತ್ತದೆ. ಗುಂಡು ಹೊರಡುವ ಕೊನೆಯ ಕ್ಷಣದಲ್ಲಿ ಬಾಯಿ ಸಮವಾಗಿಲ್ಲದಿದ್ದರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ಗುರಿ ಹರಡುತ್ತದೆ.

ಲೀ ಬೋಲ್ಟಿನ ಬಗ್ಗೆ ನನಗೆ ಗೌರವವಿದೆ. ಅದು ಸಲೀಸಾಗಿ ಓಡುತ್ತದೆ, ಕಸಕಡ್ಡಿಗೆ ಹೆದರುವುದಿಲ್ಲ, ಕೆಡುವುದು ಕಡಿಮೆ. ಆದರೆ ಅದರ ಬೀಗ ಬೀಳುವುದು ಬೋಲ್ಟಿನ ಹಿಂಭಾಗದಲ್ಲಿ, ಮೌಸರಿನಂತೆ ಮುಂಭಾಗದಲ್ಲಲ್ಲ. ಒತ್ತಡ ಹೆಚ್ಚಾದಾಗ ಇಡೀ ಬೋಲ್ಟು ಕೂದಲೆಳೆಯಷ್ಟು ಬಾಗುತ್ತದೆ. ಹಾಗಾಗಿ ಬೋಲ್ಟಿನ ಮುಖಕ್ಕೂ ತೋಟೆಯ ಹಿಂಬದಿಗೂ ನಡುವೆ ಉಳಿಯುವ ಸಂದು, ಕೋವಿ ರಿಪೇರಿಯವರ ಮಾತಿನ ಹೆಡ್‌ಸ್ಪೇಸ್, ಅಳತೆಯಲ್ಲಿರಬೇಕು. ಒಂದು ರೈಫಲಿನ ಬೋಲ್ಟನ್ನು ಇನ್ನೊಂದಕ್ಕೆ ಹಾಕಿದ್ದರೆ ಅಳತೆ ತಪ್ಪುತ್ತದೆ. ಬೋಲ್ಟಿನ ನಂಬರೂ ರಿಸೀವರಿನ ನಂಬರೂ ಒಂದೇ ಇದೆಯೇ ಎಂದು ನೋಡುವುದು ಇದಕ್ಕೇ. ಲೈಸೆನ್ಸ್ ಇರುವ ರಿಪೇರಿಯವರಿಂದ ಗೇಜ್ ಹಾಕಿಸಿ ನೋಡಿಸಿ. ಹಿಂದಿನ ಮಾಲೀಕರ ಬಳಿ ಹಾರಿಸಿದ ಖಾಲಿ ತೋಟೆ ಇದ್ದರೆ ಕೇಳಿ ಪಡೆಯಿರಿ. ಬುಡಕ್ಕಿಂತ ಸ್ವಲ್ಪ ಮೇಲೆ ಹಿತ್ತಾಳೆಯ ಮೈಯಲ್ಲಿ ಸುತ್ತಲೂ ಹೊಳೆಯುವ ಗೆರೆ ಕಂಡರೆ ಹಿತ್ತಾಳೆ ಜಗ್ಗಿದೆ, ಇನ್ನು ಕೆಲವು ಈಡಿಗೆ ಅಲ್ಲಿಯೇ ಹರಿಯುತ್ತದೆ. ಸೇಫ್ಟಿ ಹಾಕಿ ಕುದುರೆ ಎಳೆದರೆ ಬೀಳಬಾರದು, ಆಮೇಲೆ ಸೇಫ್ಟಿ ತೆಗೆದಾಗಲೂ ತಾನಾಗಿ ಬೀಳಬಾರದು. ಬಟ್ಟಿನ ಮರ ಸೀಳಿದೆಯೇ ಎಂದೂ ಒಮ್ಮೆ ನೋಡಿ. ಇಷ್ಟಾದರೆ ಯಂತ್ರದ ಪರೀಕ್ಷೆ ಮುಗಿಯಿತು.

ತೋಟೆ ಸಿಗುವುದೇ ಎಂಬುದು ಬಹಳ ಜನ ಕೊಂಡ ಮೇಲೆ ಕೇಳುವ ಪ್ರಶ್ನೆ. ಆಸ್ಟ್ರಿಯಾದಲ್ಲಿ ಹುಟ್ಟಿದ ಈ ಬೋರ್ ಇಂದು ಸಾಮಾನ್ಯ ಬಳಕೆಯಲ್ಲಿರುವುದು ಭಾರತದಲ್ಲಿ. ಆರ್ಡ್‌ನೆನ್ಸ್ ಕಾರ್ಖಾನೆಗಳನ್ನು 2021ರ ಅಕ್ಟೋಬರ್ 1ರಿಂದ ಏಳು ಕಂಪನಿಗಳಾಗಿ ಒಡೆದ ಮೇಲೆ ರೈಫಲ್ ಕಾನ್ಪುರ ಕೇಂದ್ರದ ಕಂಪನಿಯ ಪಾಲಿಗೆ, ಗುಂಡುಗಳು ಪುಣೆ ಕೇಂದ್ರದ ಮ್ಯುನಿಷನ್ಸ್ ಇಂಡಿಯಾ ಪಾಲಿಗೆ ಬಂದವು. ಕೊಳ್ಳುವ ಮೊದಲು ನಿಮ್ಮ ಊರಿನ ಅಂಗಡಿಯಲ್ಲಿ ದಾಸ್ತಾನು, ಬೆಲೆ, ಡಬ್ಬಿಯ ಮೇಲಿನ ತಯಾರಿಕೆಯ ವರ್ಷ ಮೂರನ್ನೂ ವಿಚಾರಿಸಿ. ಗುಂಡು 244 ಗ್ರೇನಿನದು, ಅಂದರೆ ಹದಿನಾರು ಗ್ರಾಂಗೆ ಸ್ವಲ್ಪ ಕಡಿಮೆ. ಸೇನೆಯ .303 ಗುಂಡು 174 ಗ್ರೇನ್. .315 ಭಾರವಾದ, ನಿಧಾನವಾದ, ಹತ್ತಿರದಲ್ಲಿ ಬಲವಾಗಿ ಹೊಡೆಯುವ ಗುಂಡು. ಇನ್ನೂರು ಗಜದಾಚೆ ಅದರಿಂದ ನಿಖರತೆ ನಿರೀಕ್ಷಿಸುವುದು ಅದಕ್ಕೆ ಮಾಡುವ ಅನ್ಯಾಯ. ಸ್ಪರ್ಧೆಯ ಗುರಿಗಾರಿಕೆಯೇ ಆಸೆಯಾದರೆ ಈ ರೈಫಲ್ ಸರಿಯಾದ ಆಯ್ಕೆಯಲ್ಲ. ರೈಫಲ್ ಕ್ಲಬ್ಬಿಗೆ ಸೇರಿ ಏರ್ ರೈಫಲ್, .22ರಲ್ಲಿ ಕೈ ಪಳಗಿಸಿ.

ಇನ್ನು ಅಗತ್ಯದ ಮಾತು. ಇದನ್ನು ಹೇಳುವಾಗ ನನಗೆ ಸಂಕೋಚವಿಲ್ಲ: ಕರ್ನಾಟಕದ ಕೃಷಿಕರಲ್ಲಿ ಬಹುತೇಕರಿಗೆ ರೈಫಲ್ ತಕ್ಕ ಆಯುಧವಲ್ಲ. ಕಾಫಿ ತೋಟದ ಇಳಿಜಾರಿನಲ್ಲಿ, ಅಡಕೆ ತೋಟದ ನಡುವೆ ಯಾರೋ ಕಳೆ ತೆಗೆಯುತ್ತಿರುತ್ತಾರೆ, ಯಾರೋ ಸೌದೆ ಆಯುತ್ತಿರುತ್ತಾರೆ, ಕಣಿವೆಯ ಆಚೆ ಕೂಲಿಯವರ ಲೈನುಮನೆ ಇರುತ್ತದೆ. ಜೋಡುನಳಿಗೆಯ ಚರೆ ಕೆಲವು ನೂರು ಮೀಟರಿನಲ್ಲಿ ಸೋತು ಬೀಳುತ್ತದೆ. ರೈಫಲಿನ ಗುಂಡು ಗುರಿ ತಪ್ಪಿದರೆ ಎರಡು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ರಾತ್ರಿ ಟಾರ್ಚಿನ ಬೆಳಕಿನಲ್ಲಿ ಪೊದೆ ಅಲುಗಿದ ಕಡೆಗೆ ಹೊಡೆದು ಮನುಷ್ಯರನ್ನೇ ಕೊಂದ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಹಂದಿಯೇ ಬಂದಿದ್ದರೂ, 1972ರ ವನ್ಯಜೀವಿ ಕಾಯ್ದೆಯಡಿ ಅರಣ್ಯ ಇಲಾಖೆಯ ಬರಹದ ಅನುಮತಿಯಿಲ್ಲದೆ ಸ್ವಂತ ಗದ್ದೆಯಲ್ಲೂ ಕೊಲ್ಲುವಂತಿಲ್ಲ. ಮೇಲೆರಗಿದಾಗ ಜೀವ ಉಳಿಸಿಕೊಳ್ಳಲು ಹೊಡೆಯುವುದು ಬೇರೆ ಮಾತು. ಬೆದರಿಸಿ ಓಡಿಸುವುದೇ ಉದ್ದೇಶವಾದರೆ ಜೋಡುನಳಿಗೆ ಸಾಕು, ಬೇಲಿ ಅದಕ್ಕಿಂತ ಒಳ್ಳೆಯದು.

ಕೊಡಗಿನ ಸ್ಥಿತಿ ಭಿನ್ನ. 1861ರಿಂದ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಶಸ್ತ್ರ ಲೈಸೆನ್ಸಿನಿಂದ ವಿನಾಯಿತಿ ನಡೆದುಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಆ ಅಧಿಸೂಚನೆಯನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದ ದಿನ ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸುವ ಕೋವಿಗಳ ಸಾಲಿನಲ್ಲಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ ರೈಫಲಿಗೂ ಜಾಗವಿದೆ. ಕೋವಿಯನ್ನು ಮನೆತನದ ಹೊಣೆಯೆಂದು ನೋಡುವ, ಚಿಕ್ಕಂದಿನಿಂದ ಅದರ ಶಿಸ್ತು ಕಲಿಸುವ ಅಂಥ ಮನೆಗೆ ಒಳ್ಳೆಯ .315 ಹೋದರೆ ಸಂತೋಷವೇ. ಆದರೆ ವಿನಾಯಿತಿ ಇರುವುದು ಕಾಯ್ದೆಯ 3 ಮತ್ತು 4ನೇ ಕಲಂಗಳಿಂದ ಮಾತ್ರ. ನಂಬರು ಅಳಿಸಿದ ಕೋವಿಗೆ, ನಿಷಿದ್ಧ ಬೋರಿಗೆ, ದಾಖಲೆಯಿಲ್ಲದ ಕೈಬದಲಿಗೆ ಕೊಡಗಿನಲ್ಲೂ ರಕ್ಷಣೆ ಇಲ್ಲ. ಜಿಲ್ಲೆಯ ಹೊರಗೆ ಒಯ್ಯುವಾಗ ಒಂದು ರೈಫಲ್, ಅದಕ್ಕೆ 100 ತೋಟೆಯ ಮಿತಿಯೂ ಇದೆ. ಮನೆಯ ಹಿರಿಯರಿಗೆ ಇದು ಗೊತ್ತಿರುತ್ತದೆ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಕ್ಕಳಿಗೆ ಗೊತ್ತಿರುವುದಿಲ್ಲ.

ಆತ್ಮರಕ್ಷಣೆಗೆಂದು ರೈಫಲ್ ಕೊಳ್ಳುವವರನ್ನು ನಾನು ಖಂಡಿತವಾಗಿ ತಡೆಯುತ್ತೇನೆ. ಮನೆಯೊಳಗೆ, ಕತ್ತಲಲ್ಲಿ, ಗಾಬರಿಯಲ್ಲಿ ಉದ್ದನೆಯ ಬೋಲ್ಟ್ ರೈಫಲ್ ಉಪಯೋಗಕ್ಕೆ ಬರುವುದಿಲ್ಲ. ಅದರ ಗುಂಡು ಪಕ್ಕದ ಮನೆಯ ಗೋಡೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಂಗ್ರಹದ ಆಸೆಯಿಂದ ಕೊಳ್ಳುವವರು ಎರಡೇ ಕೋವಿಯ ಮಿತಿಯಲ್ಲಿ ಒಂದನ್ನು ಇದಕ್ಕೆ ಮೀಸಲಿಡಬೇಕೆಂದು ನೆನಪಿಡಲಿ. ಹಾಗಿದ್ದರೂ ಬೇಕೆನ್ನುವವರಿಗೆ ಇಂಗ್ಲೆಂಡಿನಲ್ಲಿ ತಯಾರಾದ ಬಿಎಸ್‌ಎ .315 ಸಿಕ್ಕರೆ ಬೆಲೆ ಹೆಚ್ಚಾದರೂ ಅದೇ ಮೇಲು. ಅದರ ಬೋಲ್ಟನ್ನು ಎಳೆದಾಗ ಸಿಗುವ ನಯ ನಮ್ಮ ಇತ್ತೀಚಿನ ದಶಕಗಳ ತಯಾರಿಕೆಯಲ್ಲಿ ಕಾಣುವುದು ಕಡಿಮೆ. ಹೊಸ ಕಾರ್ಖಾನೆ ರೈಫಲಿಗೂ ಹಳತಿಗೂ ಬೆಲೆಯ ಅಂತರ ಅಲ್ಪವಾಗಿದ್ದರೆ ಹೊಸದನ್ನೇ ಕೊಳ್ಳಿ. ಅದರ ಕಾಗದ ನಿಮ್ಮಿಂದಲೇ ಶುರುವಾಗುತ್ತದೆ.

ನನ್ನ ತೀರ್ಪು ಇದು. ರೈಫಲಿಗೆಂದೇ ಲೈಸೆನ್ಸ್ ಅಥವಾ ವಿನಾಯಿತಿ ಇದ್ದು, ಒಣ ಬಟ್ಟೆ ಎಳೆದ ಮೇಲೂ ನಳಿಗೆ ಶುಭ್ರವಾಗಿದ್ದು, ಬೋಲ್ಟು ರಿಸೀವರುಗಳ ನಂಬರು ಹೊಂದಿಕೊಂಡು, ಮಾರುವವರ ಹಕ್ಕಿನಲ್ಲಿ ಸಂಶಯವಿಲ್ಲದಿದ್ದರೆ ಹಳೆಯ .315 ಕೊಳ್ಳಲು ಯೋಗ್ಯ. ಇವುಗಳಲ್ಲಿ ಒಂದು ತಪ್ಪಿದರೂ ಬಿಟ್ಟುಬಿಡಿ, ಅಗ್ಗವೆಂಬ ಕಾರಣಕ್ಕೆ ರಾಜಿಯಾಗಬೇಡಿ. ಮರ, ಬಣ್ಣ, ಪಟ್ಟಿಗಳನ್ನು ಸರಿಪಡಿಸಬಹುದು. ನಳಿಗೆಯನ್ನು ನಮ್ಮಲ್ಲಿ ಬದಲಿಸುವುದು ಬಹುಮಟ್ಟಿಗೆ ಅಸಾಧ್ಯ.

ಕೊನೆಗೆ, ಕೊಳ್ಳುವವರಿಗಿಂತ ಮಾರಬೇಕಾದವರಿಗೆ ಒಂದು ವಿನಂತಿ. ತೀರಿಕೊಂಡ ತಂದೆಯ, ಅಜ್ಜನ ಹೆಸರಿನ ರೈಫಲ್ ನಿಮ್ಮ ಮನೆಯ ಅಟ್ಟದಲ್ಲೋ ಬೀರುವಿನಲ್ಲೋ ಇದ್ದರೆ, ಅದು ಈ ಕ್ಷಣದಲ್ಲಿ ಯಾರ ಲೈಸೆನ್ಸಿನಲ್ಲೂ ಇಲ್ಲದ ಆಯುಧ. ತಡ ಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಅಂಗಡಿಯಲ್ಲಿ ಒಪ್ಪಿಸಿ ರಸೀದಿ ಪಡೆಯಿರಿ. ಆಮೇಲೆ ವಾರಸುದಾರರಾಗಿ ನಿಮ್ಮ ಹೆಸರಿಗೆ ಅರ್ಜಿ ಹಾಕುವುದೋ ಮಾರುವುದೋ ನಿಧಾನವಾಗಿ ತೀರ್ಮಾನಿಸಬಹುದು. ಒಪ್ಪಿಸುವ ಮುನ್ನ ನಳಿಗೆಯನ್ನು ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ ಕೊಡಿ.